ತೊಟ್ಟಿಲ ಹಗ್ಗ

"ಹಾಕವ್ವಾ, ಅಂಜಬ್ಯಾಡ," ಎಂದು ಮಾರೆಮ್ಮ ಎಡಗೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು.

ಸುಮಂಗಲಾಳ ಕೈಯಲ್ಲಿ ಹಚ್ಚೆ ಹಾಕುವ ಮಷೀನು ಗುಂಯ್‌ಗುಡುತ್ತಿತ್ತು. ಆನ್‌ಲೈನಿನಲ್ಲಿ ಆಸೆಪಟ್ಟು ತರಿಸಿಕೊಂಡದ್ದು. ಇಲ್ಲಿಯವರೆಗೆ ಅದು ಸೋರೆಕಾಯಿಯ ಮೇಲೆ, ಬಾಳೆಹಣ್ಣಿನ ಸಿಪ್ಪೆಯ ಮೇಲೆ ಮಾತ್ರ ಓಡಾಡಿತ್ತು. ಈಗ ಸೂಜಿಯ ಕೆಳಗಿದ್ದದ್ದು ಎಂಬತ್ತರ ಆಸುಪಾಸಿನ ಒಂದು ತೋಳು. ಈರುಳ್ಳಿಯ ಒಳಪೊರೆಯಷ್ಟು ತೆಳು ಚರ್ಮ, ಅದರಡಿಯಲ್ಲಿ ಹರಿದಾಡುವ ನರ. ಸೂಜಿ ತಾಗುವ ಮೊದಲೇ ಸುಮಂಗಲಾ ಮಷೀನನ್ನು ಮೇಲಕ್ಕೆತ್ತಿದಳು. ಸ್ವಿಚ್ಚು ಆರಿಸಿಬಿಟ್ಟಳು.

"ಆಗಂಗಿಲ್ರಿ ಅತ್ತಿ. ನಿಮಗ ಸಕ್ರಿ ಕಾಯಿಲೆ ಐತಿ. ಗಾಯ ಆದ್ರ ಮಾಯಂಗಿಲ್ಲ."

"ಬಾಳಿಹಣ್ಣಿಗೆ ಹಾಕ್ತಿ, ನನಗ ಹಾಕಂಗಿಲ್ಲ. ನಾನೇನು ಬಾಳಿಹಣ್ಣಿಗಿಂತ ಕಡಿಮಿ ಅದೀನೇನು?"

ಮಾರೆಮ್ಮ ಸುಮಂಗಲಾಳ ಗಂಡ ತಿಪ್ಪೇಶನ ತಾಯಿಯ ಅಕ್ಕ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಚ್ಚೊಳ್ಳಿಯಿಂದ ಬಳ್ಳಾರಿಗೆ ಬಂದವಳು, ಸತ್ಯನಾರಾಯಣಪೇಟೆಯ ಇವರ ಬಾಡಿಗೆ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಕಣ್ಣು ನಿಚ್ಚಳವಾದದ್ದೇ ತಡ, ಅವಳು ಮೊದಲು ನೋಡಿದ್ದು ತನ್ನ ಎಡಗೈಯನ್ನು. ಸೋಮವಾರ ಡಾಕ್ಟರು ಕಡೆಯ ಸಲ ನೋಡಿ ಬಿಟ್ಟರೆ ಊರಿಗೆ ಹೊರಡುವವಳು. ಇನ್ನೊಮ್ಮೆ ಬಳ್ಳಾರಿಗೆ ಬರುವುದಿಲ್ಲ ಎಂದು ಆಗಲೇ ಸಾರಿಬಿಟ್ಟಿದ್ದಳು. ಅಷ್ಟರೊಳಗೆ ಕೈಯ ಮೇಲಿನ ಕೆಲಸ ಮುಗಿಯಬೇಕು ಎಂಬುದು ಅವಳ ಹಟ.

ಆ ಕೈಯ ಒಳಮಗ್ಗುಲಲ್ಲಿ, ಮಣಿಕಟ್ಟಿನ ಮೇಲೆ, ಹಸುರು ಚುಕ್ಕೆಗಳ ಒಂದು ತೊಟ್ಟಿಲು ಇತ್ತು. ತೊಟ್ಟಿಲಿನಿಂದ ಒಂದು ಹಗ್ಗ ಹೊರಟು, ಮೊಳಕೈಯವರೆಗೆ ಬಂದು, ಅಲ್ಲಿ ನಿಂತುಹೋಗಿತ್ತು. ಅದರಾಚೆ ಬರಿ ಚರ್ಮ. ಪುಟ್ಟ ಹುಡುಗಿಯಾಗಿದ್ದಾಗ, ಊರ ಬೇವಿನ ಮರದ ಕೆಳಗೆ ಹಚ್ಚೆಯವಳ ಕೈ ಕಚ್ಚಿ ಮಾರೆಮ್ಮ ಓಡಿಹೋಗಿದ್ದಳು. ಅವಳ ಬೆನ್ನಿಗೆ ಕೂತ ತಂಗಿ ಈರಮ್ಮ ಮಾತ್ರ ತುಟಿಪಿಟಕ್ಕೆನ್ನದೆ ಪೂರಾ ಹಾಕಿಸಿಕೊಂಡಳು. ಆ ಈರಮ್ಮನೇ ತಿಪ್ಪೇಶನ ತಾಯಿ. ತೀರಿಕೊಂಡು ಎರಡು ವರ್ಷವಾಗಿತ್ತು.

"ಸತ್ತಾಗ ಸೀರಿ ಬರಂಗಿಲ್ಲ, ಬಂಗಾರ ಬರಂಗಿಲ್ಲ, ಹಚ್ಚಿ ಒಂದ ಜೊತಿಗೆ ಬರತೈತಿ," ಎಂದಳು ಮಾರೆಮ್ಮ. "ಮ್ಯಾಲೆ ಹೋದ ಮ್ಯಾಲ ಮುಖದ ಗುರುತು ಸಿಗಂಗಿಲ್ಲಂತ. ಕೈ ನೋಡೇ ಗುರುತು ಹಿಡಿಬೇಕು. ನನ್ನ ತಂಗಿ ಪೂರಾ ಕೈ ತಗೊಂಡು ಹೋಗ್ಯಾಳ. ನಾ ಅರ್ಧ ಕೈ ಹಿಡಕೊಂಡು ಹೋದ್ರ, ಇದ್ಯಾರೋ ಅಂತ ಆಕಿ ಮುಂದ ಹೋಗಿಬಿಟ್ರ ಏನ್ ಮಾಡ್ಲಿ?"

ನಗುತ್ತಲೇ ಹೇಳಿದಳು. ಆದರೆ ಕಪ್ಪು ಕನ್ನಡಕದ ಕೆಳಗಿನಿಂದ ಒಂದು ಹನಿ ಇಳಿದು ಬಂತು. ಡಾಕ್ಟರು ಅಳಬಾರದು ಎಂದಿದ್ದರು. ಸುಮಂಗಲಾ ಗಾಬರಿಯಿಂದ ಹತ್ತಿ ಹುಡುಕಿದಳು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ತಿಪ್ಪೇಶ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರು. ಮದುವೆಗೆ ಮುಂಚೆಯೇ ಬುದ್ಧನ ದಾರಿ ಹಿಡಿದವನು, ಹುಣ್ಣಿಮೆಗೆ ಬಿಳಿ ಅಂಗಿ ತೊಟ್ಟು ವಿಹಾರಕ್ಕೆ ಹೋಗುವವನು. ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಕೈ ಮಾಡಿ, "ಮ್ಯಾಲಿನ ಲೋಕ ಗೀಲೋಕ ಎಲ್ಲ ಸುಳ್ಳು ದೊಡ್ಡವ್ವ. ಅವರನ್ನ ಕೇಳು ಬೇಕಾದ್ರ," ಎಂದ.

"ಬುದ್ಧ ಮುತ್ಯಾ ನಮ್ಮ ಮನಿಗಿ ಬಂದದ್ದು ಮೊನ್ನಿ. ನಿಮ್ಮವ್ವ ಹಚ್ಚಿ ಹಾಕಿಸ್ಕೊಂಡಿದ್ದು ಅದಕ್ಕಿಂತ ಮೊದ್ಲ. ಆಕಿಗೆ ಇದೆಲ್ಲ ಗೊತ್ತಿಲ್ಲಲೇ, ಆಕಿ ಅಲ್ಲೇ ಕುಂತಿರತಾಳ," ಎಂದಳು ಮಾರೆಮ್ಮ.

ತಿಪ್ಪೇಶ ನೀರು ಕುಡಿಯಲು ಒಳಗೆ ಹೋದ.

ಸುಮಂಗಲಾಳ ಕೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟು ಕೊಡುತ್ತಿದ್ದದ್ದು ಮದುವೆ ಬ್ಲೌಸುಗಳ ಮಗ್ಗಂ ಕೆಲಸ. ಮಗ್ಗವೆಂಬ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಯ ಸೂಜಿಯಿಂದ ಜರಿ, ಮಣಿ ಕೂರಿಸುವುದು. ಅದನ್ನು ಗಿರಾಕಿಗಳು ಹೊಸ್ತಿಲಲ್ಲಿ ಕೂತು ಮುಗಿಸಿಕೊಂಡು ಹೋಗುತ್ತಿದ್ದರು, ಅದಕ್ಕೇ ಅದು ಮುಗಿಯುತ್ತಿತ್ತು. ಮಿಕ್ಕದ್ದೆಲ್ಲ ಮಂಚದ ಕೆಳಗೆ. ಅಲ್ಲಿ ಒಂದು ಅರ್ಧಲೋಕವೇ ಇತ್ತು. ಸೋಪಿನಲ್ಲಿ ಕೆತ್ತಿದ, ಸೊಂಡಿಲು ಬಂದು ಕಾಲು ಬಾರದ ಆನೆ. ಅರ್ಧದವರೆಗೆ ತೂತು ಕೊರೆದ ಸೋರೆ ಬುರುಡೆಯ ದೀಪ. ಒಂದೇ ಕಿವಿಗಾಗುವ ಕಾಗದದ ಓಲೆ. ಮೋಕದ ಹತ್ತಿರ ಹಗರಿ ಹೊಳೆಯ ಮರಳಿನಲ್ಲಿ ಆರಿಸಿ ತಂದು, ಏನು ಮಾಡಬೇಕೆಂದಿದ್ದಳೋ ಮರೆತೇಹೋದ ಬಣ್ಣದ ಕಲ್ಲುಗಳು. ಹೊಸದೊಂದು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದು ಹೇಗೆಂದು ತಿಳಿದ ಮೇಲೆ ಅದೇ ಸೇರುತ್ತಿರಲಿಲ್ಲ. "ಹತ್ತು ಕಟ್ಟೂ ಕಡಿ ಒಂದು ಮುತ್ತು ಕಟ್ಟು ಅಂತಾರ. ನೀನು ಹತ್ತೂ ಅರ್ಧ ಕಟ್ಟಾಕಿ," ಎಂದು ತಿಪ್ಪೇಶ ಕಾಡುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೊಳಗೆ ಮಾತ್ರ ಅದು ಚುಚ್ಚುತ್ತಿತ್ತು.

ಆ ಮಧ್ಯಾಹ್ನ ಚುಚ್ಚಿದ್ದು ಬೇರೆಯದು.

"ಅತ್ತಿ, ಹಗ್ಗ ಆದ ಮ್ಯಾಲ ಏನಿತ್ತು? ನಮ್ಮತ್ತಿ ಕೈಯಾಗ?" ಎಂದು ಕೇಳಿದಳು.

"ಗಿಣಿ ಇರಬೇಕು," ಎಂದಳು ಮಾರೆಮ್ಮ.

"ಅಲ್ಲಲ್ಲ, ನವಿಲು," ಎಂದ ತಿಪ್ಪೇಶ, ಒಳಗಿನಿಂದ.

"ಇರಬೇಕು ಅಂದ್ರ? ನೀವು ನೋಡಿಲ್ಲೇನ್ರಿ?"

ಮಾರೆಮ್ಮ ತನ್ನ ಮೊಳಕೈ ಸವರಿಕೊಂಡಳು. "ಹೊಟ್ಟಿಕಿಚ್ಚವ್ವಾ. ಆಕಿ ತೋಳು ಕಂಡ್ರ ನಾ ಬ್ಯಾರೆ ಕಡಿ ಮುಖ ಮಾಡ್ತಿದ್ದೆ. ಜೀವಮಾನೆಲ್ಲ ಹಂಗ ಆತು."

ಫೋನಿನಲ್ಲಿ ಈರಮ್ಮನ ಫೋಟೊಗಳಿದ್ದವು. ಒಂದೊಂದನ್ನೂ ಬೆರಳಿನಲ್ಲಿ ಹಿಗ್ಗಿಸಿ ನೋಡಿದರು. ತೊಟ್ಟಿಲು ಕಾಣುತ್ತಿತ್ತು. ಹಗ್ಗ ಮೊಳಕೈ ದಾಟಿ ಕುಬಸದ ತೋಳಿನೊಳಗೆ ಹೋಗಿ ಮರೆಯಾಗುತ್ತಿತ್ತು. ಅಷ್ಟೇ. ಸುಮಂಗಲಾ ಫೋನು ಕೆಳಗಿಟ್ಟಳು. ಈರಮ್ಮ ಹಾಸಿಗೆ ಹಿಡಿದಾಗ ಅವಳನ್ನು ದಿನಾ ಮೀಯಿಸಿದ್ದು ತಾನೇ. ಆ ತೋಳಿಗೆ ಸೋಪು ಹಚ್ಚಿದ್ದು, ಒರೆಸಿದ್ದು ತಾನೇ. ಹಂಪಿಯ ಕಂಬದ ಮೇಲಿನ ಹಂಸಗಳನ್ನು ನಿಂತು ನಿಂತು ಬರೆದುಕೊಂಡವಳು, ಲಾರಿಯ ಹಿಂದಿನ ಹೂವನ್ನು ಆಟೊ ನಿಲ್ಲಿಸಿ ನೋಡಿದವಳು, ಮನೆಯೊಳಗೇ ಇದ್ದ ಕೈಯನ್ನು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ಇಷ್ಟು ಗಟ್ಟಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಹಳ ನಾಚಿಕೆಯಾಯಿತು.

"ಅವತ್ತು ಹಚ್ಚಿ ಹಾಕಿಸ್ಕೊಂಡವರು ಮತ್ಯಾರೂ ಇಲ್ಲೇನ್ರಿ?"

"ಇದ್ಲು, ಪಾರಮ್ಮ. ಕುರುಗೋಡಿಗೆ ಕೊಟ್ಟಿದ್ರು. ಇದ್ದಾಳೋ ಇಲ್ಲೋ."

ಮರುದಿನ ಬೆಳಿಗ್ಗೆ ಸುಮಂಗಲಾ ಕುರುಗೋಡಿನ ಬಸ್ಸು ಹತ್ತಿದಳು. ಕೋಳೂರು ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿಯ ಕಣಗಳಲ್ಲಿ ಮೆಣಸಿನಕಾಯಿ ಹರವಿದ್ದರು. ಕಣ್ಣು ಹಾಯುವವರೆಗೂ ಕೆಂಪು. ಬಸ್ಸಿನೊಳಗಿನ ಗಾಳಿಯೂ ಖಾರವಾಗಿ, ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು. ಅವಳು ಕಿಟಕಿಗೆ ತಲೆಯಾನಿಸಿ ಅರೆಗಣ್ಣಿನಲ್ಲಿ ಹಗ್ಗದ ತುದಿಗೆ ಏನೇನನ್ನೋ ಕಟ್ಟಿ ನೋಡಿದಳು. ಗಿಣಿ ಕಟ್ಟಿದಳು, ಹಾರಿಹೋಯಿತು. ನವಿಲು ಕಟ್ಟಿದಳು, ತೊಟ್ಟಿಲನ್ನೇ ಎಳೆದುಕೊಂಡು ಹೋಯಿತು. ಬಂಡೆಗಳ ಗುಡ್ಡ ಕಾಣಿಸಿದಾಗ ಅದನ್ನೂ ಒಮ್ಮೆ ಕಟ್ಟಿ ನೋಡಿ, ತನ್ನಷ್ಟಕ್ಕೆ ನಕ್ಕಳು.

ಪಾರಮ್ಮ ಇದ್ದಳು. ಮಗಳ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ಬೊಚ್ಚುಬಾಯಿ, ಆದರೆ ಕಣ್ಣು ಚುರುಕು. ಸುಮಂಗಲಾ ಬಂದ ಕಾರಣವನ್ನೆಲ್ಲ ಹೇಳಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು:

"ಓಡಿಹೋದಾಕಿ ಇನ್ನಾ ಅದಾಳೇನು?"

"ಅದಾರ್ರಿ. ಅವರಿಗೇ ಬೇಕಾಗೈತಿ."

"ಅಬ್ಬೊ! ಅವತ್ತು ಓಡಿದಾಕಿ ಇವತ್ತು ನಿಂತ್ಲು." ಪಾರಮ್ಮ ಮೈಯೆಲ್ಲ ಕುಣಿಯುವಂತೆ ನಕ್ಕಳು. "ನಾವು ಅಲ್ಲೇ ಸಾಲಿಗೆ ಕುಂತಿದ್ವಿ ತಾಯಿ. ಹಚ್ಚಿಯಾಕಿ ಹಾಡು ಹೇಳ್ತಾ ಚುಚ್ಚುತಿದ್ಲು. ಮೊದ್ಲು ತೊಟ್ಲ, ಆಮ್ಯಾಲ ಹಗ್ಗ, ಕಡೀಕ ತೂಗಾಕಿ. ನಿಮ್ಮ ಮಾರಿ ಹಗ್ಗದಾಗ ಎದ್ದು ಓಡಿದ್ಲು ನೋಡು!"

"ತೂಗಾಕಿ?"

"ತೊಟ್ಲ ಅಂದ ಮ್ಯಾಲ ತೂಗಾಕಿ ಬ್ಯಾಡೇನು? ತೊಟ್ಲ ತಾನಾ ತೂಗತೈತೇನು?"

ಪಾರಮ್ಮ ಕೈ ತೊಳೆದುಕೊಂಡು ಬಂದಳು. ಮಗಳಿಂದ ಕೊಬ್ಬರಿ ಎಣ್ಣೆ ತರಿಸಿ ತೋಳಿಗೆ ಸವರಿಸಿಕೊಂಡಳು. ಎಣ್ಣೆ ಬಿದ್ದರೆ ಹಳೆಯ ಹಸುರು ಎದ್ದು ಕಾಣುತ್ತದಂತೆ. ಆಮೇಲೆ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಕುಬಸದ ತೋಳನ್ನು ಮೇಲಕ್ಕೆ ಸರಿಸಿದಳು. ಅಲ್ಲಿ, ಹಗ್ಗದ ತುದಿ ಹಿಡಿದು, ಒಬ್ಬ ಹೆಂಗಸು ನಿಂತಿದ್ದಳು. ಲಂಗಕ್ಕೊಂದು ಮುಕ್ಕೋನ, ತಲೆಗೊಂದು ದಪ್ಪ ಚುಕ್ಕೆ, ತುರುಬಿಗೊಂದು ಸಣ್ಣ ಚುಕ್ಕೆ, ಕೈಗೊಂದು ಗೆರೆ. ವಯಸ್ಸಾಗಿ ಗೆರೆಗಳು ಒಂದರೊಳಗೊಂದು ಹರಡಿಕೊಂಡಿದ್ದವು. ಆದರೂ ಅವಳು ಒಂದಿಷ್ಟು ಹಿಂದಕ್ಕೆ ವಾಲಿ ಹಗ್ಗ ಎಳೆಯುತ್ತಿರುವುದು ಕಾಣುತ್ತಿತ್ತು. ಸುಮಂಗಲಾ ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ತನ್ನ ಅತ್ತೆಯ ತೋಳನ್ನೇ ಮುಟ್ಟಿದಂತಾಯಿತು.

ಬಳ್ಳಾರಿಗೆ ಮರಳುವಷ್ಟರಲ್ಲಿ ಏನು ಮಾಡಬೇಕೆಂಬುದು ಅವಳಿಗೆ ಹೊಳೆದಿತ್ತು. ಹಗ್ಗ ಹೇಗೂ ಕುಬಸದ ತೋಳಿನೊಳಗೇ ಹೋಗುವುದಲ್ಲವೆ? ಹಾಗಾದರೆ ತೂಗುವವಳು ಚರ್ಮದ ಮೇಲೇ ಯಾಕಿರಬೇಕು? ಕುಬಸದ ತೋಳಿನ ಮೇಲೇ ಇರಲಿ. ಮೈಬಣ್ಣದ ಬಟ್ಟೆ, ಹಚ್ಚೆಬಣ್ಣದ ದಾರ. ಚರ್ಮದ ಹಗ್ಗ ನಿಂತಲ್ಲಿ ದಾರದ ಹಗ್ಗ ಹುಟ್ಟಬೇಕು.

ಮಾರೆಮ್ಮ ಒಪ್ಪಿದಳೆಂದು ಹೇಳುವ ಹಾಗಿಲ್ಲ. "ಬಟ್ಟಿ ಮ್ಯಾಲಿಂದು ಬಟ್ಟಿ ಕೂಡ ಹೋಗತೈತಿ," ಎಂದಳು. ಆದರೂ ಕೈ ಕೊಟ್ಟಳು. ಸುಮಂಗಲಾ ಅವಳ ಮಗ್ಗುಲಲ್ಲಿ ಕೂತು, ಆ ಕೈಯನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡು, ಮೇಲೆ ಟ್ರೇಸಿಂಗ್ ಕಾಗದ ಹಾಸಿ ಹಗ್ಗವನ್ನು ಬರೆದುಕೊಂಡಳು, ತೋಳಿನ ಅಳತೆ ಹಿಡಿದಳು. ಮುದುಕಿಗೆ ಅಷ್ಟರಲ್ಲೇ ಜೊಂಪು ಹತ್ತಿತ್ತು. ಆ ಕೈ ತೂಕವೇ ಇಲ್ಲದಂತೆ ಅವಳ ಮಡಿಲಲ್ಲಿ ಮಡಚಿಕೊಂಡು ಬಿದ್ದಿತ್ತು.

ಬಟ್ಟೆ ಸಿಕ್ಕಿತು, ಹುರಿಗಡಲೆಯ ಸಿಪ್ಪೆಯ ಬಣ್ಣದ್ದು. ದಾರ ಸಿಗಲಿಲ್ಲ. ಬೆಂಗಳೂರು ರೋಡಿನ ಅಂಗಡಿಗಳಲ್ಲೆಲ್ಲ ಹುಡುಕಿದಳು. ಹಸುರಿತ್ತು, ನೀಲಿ ಇತ್ತು, ಗಿಣಿಹಸುರು, ನವಿಲುನೀಲಿ, ಬೇಡ ಬೇಡ ಅನ್ನುವಷ್ಟಿತ್ತು. ಒಂದು ಕಾಲಕ್ಕೆ ಹಸುರಾಗಿದ್ದು, ಒಂದು ಜನ್ಮವಿಡೀ ಬಿಸಿಲು, ಗದ್ದೆ ನೀರು, ಬೂದಿ ಉಂಡು ಮಾಸಿದ ಬಣ್ಣ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಸಪ್ಪೆಮೋರೆ ಹಾಕಿಕೊಂಡು ಮನೆಗೆ ಬಂದು, ಹೋಲುತ್ತದೇನೋ ಎಂದು ಕೊಂಡಿದ್ದ ದಾರದ ಉಂಡೆಗಳನ್ನು ಮಂಚದ ಕೆಳಗೆ ತಳ್ಳಿದಳು.

ತಿಪ್ಪೇಶ ಅದನ್ನು ನೋಡಿದ. ಮಂಚದ ಕೆಳಗೆ ಹೋದದ್ದು ಮತ್ತೆ ಮೇಲೆ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಬಗ್ಗಿ ಹಸುರು ದಾರದ ಉಂಡೆಯನ್ನು ಎಳೆದುಕೊಂಡು ಜೇಬಿಗೆ ಹಾಕಿದ.

"ಏನ್ ಮಾಡ್ತೀರಿ ಅದನ್ನ?"

"ಹೊಸ ಪ್ಯಾಂಟನ್ನ ಹಳೇದು ಮಾಡೋದಾ ನಮ್ಮ ಕೆಲಸ. ಒಂದು ದಾರ ಹಳೇದು ಮಾಡಾಕ ಬರಂಗಿಲ್ಲೇನು?"

ಮರುದಿನ ಅವನು ದಾರವನ್ನು ಬಿಡಿಬಿಡಿಯಾಗಿ ಸುತ್ತಿ, ಒಂದು ತೆಳು ಬಟ್ಟೆಯಲ್ಲಿ ಕಟ್ಟಿ, ವಾಷಿಂಗಿಗೆ ಹೋಗುವ ಜೀನ್ಸ್ ಪ್ಯಾಂಟುಗಳ ಜೊತೆ ಹಾಕಿಸಿದ. ಪ್ಯಾಂಟುಗಳ ಜೊತೆ ಉರುಳಿ, ಕಲ್ಲಿಗೆ ಉಜ್ಜಿ, ಅವುಗಳ ನೀಲಿಯನ್ನು ಒಂದಿಷ್ಟು ಕುಡಿದು, ತನ್ನ ಹಸುರನ್ನು ಒಂದಿಷ್ಟು ಬಿಟ್ಟು ದಾರ ಮನೆಗೆ ಬಂತು. ಸುಮಂಗಲಾ ಅದನ್ನು ನಿದ್ದೆಹೋಗಿದ್ದ ಮಾರೆಮ್ಮನ ಕೈಯ ಮೇಲೆ ಎಳೆದು ನೋಡಿದಳು. ಯಾವುದು ದಾರ, ಯಾವುದು ಹಚ್ಚೆ ಗೊತ್ತಾಗಲಿಲ್ಲ. ಸಂತೋಷಕ್ಕೆ ಗಂಡನ ಬೆನ್ನಿಗೊಂದು ಗುದ್ದಿದಳು.

ಟ್ರೇಸಿಂಗ್ ಕಾಗದದಲ್ಲಿ ಹಗ್ಗದ ತುದಿಗೆ ತೂಗುವವಳನ್ನೂ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಚುಚ್ಚಿದಳು. ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯಿಂದ ಒರೆಸಿದಳು. ಕಾಗದ ಎತ್ತಿದರೆ ಬಟ್ಟೆಯ ಮೇಲೆ ಚುಕ್ಕೆಗಳು. ಬಟ್ಟೆಗೂ ಹಚ್ಚೆ ಹಾಕಿದಂತೆಯೇ. ಆಮೇಲೆ ಮಗ್ಗದ ಮುಂದೆ ಕೂತಳು. ಕಿಟಕಿಯ ಬಿಸಿಲು ಮಗ್ಗದ ಒಂದು ಬದಿಯಿಂದ ಇನ್ನೊಂದು ಬದಿಗೆ ತೆವಳುತ್ತಿತ್ತು. ಹೊರಗೆ ತರಕಾರಿ ಗಾಡಿಯವನು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಟೊಮೆಟೊ ಕೂಗುತ್ತಿದ್ದ. ಎಲ್ಲವೂ ನೀರಿನಡಿಯಿಂದ ಕೇಳಿದಂತಿತ್ತು.

ಹಗ್ಗ ಮುಗಿಯಿತು. ಲಂಗ ಮುಗಿಯಿತು. ಇಲ್ಲಿಗೆ ಬಂದಾಗ ಎಂದಿನದೇ ಬಂತು: ಸಾಕು, ಹೇಗೆಂದು ಗೊತ್ತಾಯಿತಲ್ಲ ಎನ್ನುವ ಆಕಳಿಕೆ. ಎದ್ದು ಹೋಗಿ ನೀರು ಕುಡಿದಳು. ಹಗರಿಯ ಕಲ್ಲುಗಳನ್ನು ನೆನೆದಳು. ತಲೆಯಿಲ್ಲದ ಹೆಂಗಸು ಮಗ್ಗದ ಮೇಲೆ ಹಗ್ಗ ಹಿಡಿದು ಕಾಯುತ್ತಿದ್ದಳು.

"ರೀ, ನಿಮ್ಮ ದೊಡ್ಡವ್ವ ತೊಟ್ಲ ತೂಗಿದ್ದು ನೋಡೀರೇನು?"

ತಿಪ್ಪೇಶ ಸ್ವಲ್ಪ ಯೋಚಿಸಿದ. "ನಮ್ಮವ್ವ ನಾಟಿಗೆ ಹೋದ್ರ ನನ್ನ ತೂಗಿದ್ದು ಆಕೀನ ಅಂತ. ನನಗೆಂಗ ಗೊತ್ತಿರಬೇಕು, ನಾ ತೊಟ್ಲದಾಗ ಇದ್ದೆ. ನನ್ನ ತಂಗಿನ ತೂಗೂದು ನೋಡೀನಿ. ಹಗ್ಗ ಕಾಲಿಗೆ ಸಿಗಿಸಿಕೊಂಡು, ಕೈಯಾಗ ಪುಂಡಿಪಲ್ಯ ಸೋಸ್ತಾ ಕುಂತಿರತಿದ್ಲು. ಕೂಸು ಅತ್ರ ಕಾಲು ಜೋರು, ಮಲಗಿದ್ರ ಕಾಲು ಮೆತ್ತಗ."

ಸುಮಂಗಲಾ ವಾಪಸು ಬಂದು ಕೂತಳು. ತಲೆ ಮುಗಿಸಿದಳು, ತುರುಬು ಮುಗಿಸಿದಳು, ಕೈ ಮುಗಿಸಿದಳು. ಬಟ್ಟೆಯನ್ನು ಮಗ್ಗದಿಂದ ಬಿಚ್ಚಿ, ಕುಬಸ ಹೊಲಿದು, ಅಂಚು ಮಡಿಸಿ ಗಂಟು ಹಾಕಿ ದಾರ ಕತ್ತರಿಸಿದಳು. ತನ್ನಿಚ್ಛೆಯಿಂದ ಹಿಡಿದ ಕೆಲಸವೊಂದು ಅವಳ ಕೈಯಲ್ಲಿ ಮುಗಿದದ್ದು ಇದೇ ಮೊದಲು. ಏನೋ ಒಂದು ಥರ ಅನ್ನಿಸಿತು, ಊರಿಗೆ ಯಾರನ್ನೋ ಕಳಿಸಿಬಂದ ಹಾಗೆ.

ಸೋಮವಾರ ಡಾಕ್ಟರು ಕಣ್ಣು ನೋಡಿ, ಹೋಗಬಹುದು ಎಂದರು. ಮನೆಗೆ ಬಂದು ಮಾರೆಮ್ಮ ಹೊಸ ಕುಬಸ ತೊಟ್ಟು, ಕೈ ಇಳಿಬಿಟ್ಟು ನಿಂತಳು.

ಹಗ್ಗ ಕೂಡಿರಲಿಲ್ಲ. ಚರ್ಮದ ಹಗ್ಗ ಮೊಳಕೈಯ ಕೆಳಗೆ ನಿಂತಿತ್ತು, ದಾರದ ಹಗ್ಗ ಕುಬಸದ ತೋಳಿನ ಅಂಚಿನಲ್ಲಿ ನಿಂತಿತ್ತು. ನಡುವೆ ಎರಡು ಬೆರಳಷ್ಟು ಬರಿ ಮೈ.

ತಿಪ್ಪೇಶ ಒಂದು ನೋಟದಲ್ಲೇ ತಪ್ಪು ಹಿಡಿದ. ದಿನಾ ಅಳತೆಯ ಜೊತೆ ಬಾಳುವವನು. "ಕೈ ಮಡಚಿದ್ದಾಗ ಅಳತಿ ತಗೊಂಡಿಯೇನು? ತೋಳಿನ ಅಳತಿ ಕೈ ಇಳಿಬಿಡಿಸಿ ತಗೋಬೇಕಲ್ಲ," ಎಂದ. ಅಂದ ಮೇಲೆ ಹೆಂಡತಿಯ ಮುಖ ನೋಡಿ, ಅನ್ನಬಾರದಿತ್ತು ಅನ್ನಿಸಿತು.

ಸುಮಂಗಲಾಳ ಕಣ್ಣು ತುಂಬಿ ಬಂತು. ಎಷ್ಟೋ ಬ್ಲೌಸು ಹೊಲಿದವಳು, ಈ ಒಂದನ್ನು ಕೆಡಿಸಿದ್ದಳು. "ಬಿಚ್ಚಿ ಕೊಡ್ರಿ ಅತ್ತಿ. ಸರಿ ಮಾಡಿ ಮುಂದಿನ ವಾರ ಕಳಿಸ್ತೀನಿ," ಎಂದಳು. ಮುಂದಿನ ವಾರ ಎಂದರೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಮಾರೆಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಕನ್ನಡಕ ತೆಗೆದು ಹೊಸ ಕಣ್ಣಿನಿಂದ ತೋಳನ್ನೇ ನೋಡುತ್ತಿದ್ದಳು. ತೂಗುವವಳ ಮೇಲೆ ಬಲಗೈಯ ಬೆರಳಾಡಿಸಿದಳು. ಆಮೇಲೆ ಏನನ್ನೋ ನೆನೆಸಿಕೊಂಡವಳಂತೆ ಎಡಗೈಯನ್ನು ಮೆಲ್ಲಗೆ ಮಡಚಿದಳು. ಕುಬಸದ ತೋಳಿನ ಅಂಚು ಇಳಿದು ಬಂದು ಚರ್ಮವನ್ನು ಮುಟ್ಟಿತು. ಹಗ್ಗ ಕೂಡಿತು. ಕೈ ನೀಡಿದಳು, ತೊಟ್ಟಿಲು ದೂರ ಹೋಯಿತು. ಮಡಚಿದಳು, ತೂಗುವವಳ ಹತ್ತಿರ ಬಂತು. ನೀಡಿದಳು. ಮಡಚಿದಳು.

"ತೂಗಾಕತ್ತೈತಲ್ಲವ್ವಾ," ಎಂದಳು, ಬಹಳ ಸಣ್ಣ ದನಿಯಲ್ಲಿ. "ಈರಿ ಕೈಯಾಗಿಂದು ಸುಮ್ಮನ ನಿಂತಿರಬೇಕು. ಇದು ತೂಗಾಕತ್ತೈತಿ."

ಸುಮಂಗಲಾ ಕುಬಸಕ್ಕಾಗಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಲೇ ತಿಪ್ಪೇಶ, ಇಲ್ಲಿ ಕೇಳು. ನಾ ಹೋದಾಗ ಸೀರಿ ಯಾವುದಾರ ಉಡಸ್ರಿ. ಕುಬಸ ಇದ ಇರ್ಲಿ. ಕೈ ಚಾಚಿ ಮಲಗಿಸಬ್ಯಾಡ್ರಿ. ಮಡಚಿ ಎದಿ ಮ್ಯಾಲ ಇಡ್ರಿ. ನಿಮ್ಮವ್ವ ನೋಡಬೇಕು."

ತಿಪ್ಪೇಶ ಗೋಡೆಯ ಬುದ್ಧನ ಕಡೆ ನೋಡಿದ, ದೊಡ್ಡವ್ವನ ಕಡೆ ನೋಡಿದ. "ಆತು ದೊಡ್ಡವ್ವ," ಎಂದ, "ಮಡಚೇ ಇಡ್ತೀನಿ."

ಸಿರುಗುಪ್ಪದ ಬಸ್ಸಿನಲ್ಲಿ ಮಾರೆಮ್ಮನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಲ್ಲಿ ಇಳಿದರೆ ಹಚ್ಚೊಳ್ಳಿಯ ಬಸ್ಸಿಗೆ ಹತ್ತಿಸಲು ಊರವರು ಬರುವವರಿದ್ದರು. ಕಂಡಕ್ಟರು ಸೀಟಿ ಊದಿದ. ಸುಮಂಗಲಾ ಕೆಳಗೆ ನಿಂತು ಕೈ ಬೀಸಿದಳು. ಮುದುಕಿ ಇತ್ತ ನೋಡಲಿಲ್ಲ. ಬಸ್ಸು ತಿರುವಿನಲ್ಲಿ ನಿಧಾನಿಸಿದಾಗ ಕಿಟಕಿಯಲ್ಲಿ ಅವಳ ಎಡಗೈ ಕಾಣಿಸಿತು. ಅದು ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು, ಒಳಗೆ ಯಾವುದೋ ಕೂಸು ಇನ್ನೇನು ಮಲಗಲಿದೆ ಎಂಬಂತೆ ಮೆತ್ತಗೆ, ಮತ್ತೂ ಮೆತ್ತಗೆ.